ಡ್ರಮ್ ಏರ್ತದೆ, ಒಲೆ ಹತ್ತುದಿಲ್ಲ: ಬಯೋಗ್ಯಾಸ್ ಟ್ಯಾಂಕಿ ಹುಳಿ ಬಂದಿರ್ಬೇಕು

ಬಯೋಗ್ಯಾಸ್ ಟ್ಯಾಂಕಿಯ ಗ್ಯಾಸ್ ತುಂಬುವ ಡ್ರಮ್ ಮೇಲೆ ಬರ್ತದೆ, ಆದ್ರೆ ಬೆಂಕಿ ಹಿಡಿಯುದಿಲ್ಲ, ಹುಳಿ ವಾಸನೆ ಬೇರೆ ಅಂತ ಬರೆದಿದ್ದೀರಲ್ಲ, ಹೆಚ್ಚಾಗಿ ಟ್ಯಾಂಕಿ ಒಳಗೆ ಆಸಿಡ್ ಜಾಸ್ತಿ ಆಗಿದೆ. ಬದಿಯಡ್ಕದಲ್ಲಿ ಈಗ ಹಲಸಿನ ಸೀಸನ್, ರೆಚ್ಚೆ (ಹಲಸಿನ ಸಿಪ್ಪೆ), ಕೊಳೆತ ಸೊಳೆ, ಉಳಿದ ಅನ್ನ ಎಲ್ಲ ಒಟ್ಟಿಗೆ ಹಾಕ್ತಾ ಇದ್ದೇವೆ ಅಂತ ನೀವೇ ಹೇಳಿದ್ದೀರಿ, ಅಷ್ಟು ಸಿಹಿ ಒಂದೇ ಸಲ ಬಿದ್ರೆ ಆಸಿಡ್ ಮಾಡುವ ಬ್ಯಾಕ್ಟೀರಿಯಾ ಮುಂದೆ ಓಡ್ತವೆ, ಉರಿಯುವ ಗ್ಯಾಸ್ ಮೀಥೇನ್ ಮಾಡುವವು ಹಿಂದೆ ಬೀಳ್ತವೆ, ಡ್ರಮ್ಮಿನಲ್ಲಿ ತುಂಬುದು ಹೆಚ್ಚಿನಂಶ ಕಾರ್ಬನ್ ಡೈಆಕ್ಸೈಡ್, ಅದು ಉರಿಯುದಿಲ್ಲ.

ಮೊದಲು ವೇಸ್ಟ್ ಹಾಕುದು ಪೂರ್ತಿ ನಿಲ್ಲಿಸಿ. ಡ್ರಮ್ಮಿನ ಗ್ಯಾಸನ್ನು ಹೊರಗೆ ಗಾಳಿಯಾಡುವಲ್ಲಿ ಬಿಟ್ಟುಬಿಡಿ, ಹತ್ತಿರ ಬೀಡಿ ದೀಪ ಏನೂ ಬೇಡ, ಒಲೆ ಹತ್ತದಿದ್ರೂ ಮೀಥೇನ್ ಸ್ವಲ್ಪ ಇದ್ದೇ ಇರ್ತದೆ. ಆಮೇಲೆ ಟ್ಯಾಂಕಿಯಿಂದ ಹೊರಬರುವ ಸ್ಲರಿಗೆ (ಬಗ್ಗಡಕ್ಕೆ) ಪಿಎಚ್ ಪೇಪರ್, ಅಂದ್ರೆ ಹುಳಿ ಎಷ್ಟಿದೆ ಅಂತ ತೋರಿಸುವ ಕಾಗದ, ಅದ್ದಿ ನೋಡಿ. 7ರ ಆಸುಪಾಸು ಇರ್ಬೇಕು, 6.5ಕ್ಕಿಂತ ಕೆಳಗಿದ್ರೆ ಸುಣ್ಣದ ತಿಳಿನೀರು ಸ್ವಲ್ಪ ಸ್ವಲ್ಪವೇ ಹಾಕಿ ಮರುದಿನ ಪುನಃ ನೋಡಿ. ಎಷ್ಟು ಬೇಕು ಅಂತ ಟ್ಯಾಂಕಿ ಸೈಜ್ ಗೊತ್ತಿಲ್ಲದೆ ಹೇಳ್ಲಿಕ್ಕಾಗುದಿಲ್ಲ, ಆದ್ರೆ ಒಮ್ಮೆಲೇ ಸುರಿಬೇಡಿ, ಬೇಕಾದ ಬ್ಯಾಕ್ಟೀರಿಯಾವೂ ಸಾಯ್ತವೆ. ಜೊತೆಗೆ ಹಸಿ ಸೆಗಣಿಗೆ ಅಷ್ಟೇ ನೀರು ಸೇರಿಸಿ ಕದಡಿ ದಿನಾ ಹಾಕಿ, ನನ್ನ ಪ್ರಕಾರ ಸುಣ್ಣಕ್ಕಿಂತ ಇದೇ ದೊಡ್ಡ ಮದ್ದು.

ಸಾಮಾನ್ಯ ಒಂದೆರಡು ವಾರದಲ್ಲಿ ಬೆಂಕಿ ನೀಲಿಯಾಗಿ ನಿಲ್ತದೆ. ಆಗ ಮೊದಲು ಹಾಕ್ತಿದ್ದದರ ಕಾಲುಭಾಗದಿಂದ ಶುರು ಮಾಡಿ, ನಿಂಬೆ ಸಿಪ್ಪೆ, ಉಪ್ಪಿನಕಾಯಿ ಬೇಡವೇ ಬೇಡ. ಬೆಂಕಿ ಹತ್ತಿ ಪಕಪಕ ಅಂತ ಆರ್ತಾ ಇದ್ರೆ ಮಾತ್ರ ವಿಷಯ ಬೇರೆ, ಪೈಪಿನಲ್ಲಿ ನೀರು ನಿಂತಿದೆ, ವಾಲ್ವ್ ಬಂದ್ ಮಾಡಿ ತಗ್ಗಿನ ಜಾಗದಲ್ಲಿ ಬಿಚ್ಚಿ ನೀರು ತೆಗೀರಿ.