ಕೊರತೆಯೂ ನಿಜ, ನಿರುದ್ಯೋಗವೂ ನಿಜ

ಓದುಗರ ಪತ್ರ: ‘ಶಿಕ್ಷಕರ ತೀವ್ರ ಕೊರತೆಯಿದೆ ಎಂದು ಒಂದು ವರದಿ ಹೇಳುತ್ತದೆ, ತರಬೇತಿ ಪಡೆದ ಪದವೀಧರರಿಗೆ ಕೆಲಸವಿಲ್ಲ ಎಂದು ಇನ್ನೊಂದು. ಎರಡರಲ್ಲೊಂದು ಸುಳ್ಳಿರಬೇಕಲ್ಲವೇ? ಇಂಥ ಅಂಕಿಅಂಶ ನಂಬಿ ಶಿಕ್ಷಕ ತರಬೇತಿಗೆ ಸೇರುವವರ ಗತಿಯೇನು?’

ಸಂಪಾದಕರ ಉತ್ತರ: ತಮ್ಮ ಸಂಶಯಕ್ಕೆ ಆಧಾರವಿಲ್ಲ ಎನ್ನಲಾರೆ, ಬೇಕಾದ ಸಂಖ್ಯೆಯನ್ನು ಮೆರೆಸಿ ಬೇಡದ್ದನ್ನು ಮರೆಸುವವರು ಎಲ್ಲೆಡೆ ಇದ್ದಾರೆ. ಆದರೆ ಎರಡರಲ್ಲೊಂದು ಸುಳ್ಳೆಂಬ ತೀರ್ಪು, ತಮ್ಮಂಥ ಎಚ್ಚರದ ಓದುಗರಿಂದ ಬಂದುದರಿಂದ ಹೇಳುತ್ತೇನೆ, ಆತುರದ್ದು. ಗಣಿತ ಕಲಿಸುವವರಿಲ್ಲದ ಶಾಲೆಗೆ ಇತಿಹಾಸದ ಪದವೀಧರರು ಎಷ್ಟೇ ಅರ್ಜಿ ಹಾಕಿದರೂ ಕೊರತೆ ನೀಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಮಕ್ಕಳ ಸಂಖ್ಯೆಗೆ ಎಷ್ಟು ಶಿಕ್ಷಕರು ಬೇಕು ಎಂಬುದು ಒಂದು ಲೆಕ್ಕ, ಎಷ್ಟು ಹುದ್ದೆಗಳಿಗೆ ಸಂಬಳದ ಹಣ ತೆಗೆದಿರಿಸಲಾಗಿದೆ ಎಂಬುದು ಬೇರೆಯೇ ಲೆಕ್ಕ. ಇವೆರಡರ ನಡುವಿನ ಅಂತರದಲ್ಲಿಯೇ ಶಿಕ್ಷಕರಿಲ್ಲದ ತರಗತಿಯೂ ತರಗತಿಯಿಲ್ಲದ ಶಿಕ್ಷಕರೂ ಒಟ್ಟಿಗೆ ಇರುತ್ತಾರೆ.

ಎಲ್ಲ ಮಕ್ಕಳಿಗೂ ಪ್ರಾಥಮಿಕ, ಪ್ರೌಢ ಶಿಕ್ಷಣ ದೊರೆಯಲು 2030ರೊಳಗೆ ಜಗತ್ತಿಗೆ ಇನ್ನೂ 4.4 ಕೋಟಿ ಶಿಕ್ಷಕರು ಬೇಕೆಂದು ಯುನೆಸ್ಕೊ ಅಂದಾಜಿಸಿದೆ. ಪತ್ರಿಕೆಗಳು ಈ ಸಂಖ್ಯೆಯನ್ನು ತಲೆಬರಹ ಮಾಡಿ ಮುಂದೆ ಸಾಗಿದವು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹೊಸ ತರಗತಿಗಳಿಗಲ್ಲ, ಕೆಲಸ ಬಿಟ್ಟವರ ಜಾಗ ತುಂಬುವುದಕ್ಕೆ ಎಂಬುದನ್ನು ಎಷ್ಟು ಜನ ಓದಿದರೋ ಕಾಣೆ. ಪ್ರಾಥಮಿಕ ಶಾಲೆಯನ್ನು ತೊರೆಯುವ ಶಿಕ್ಷಕರ ಪ್ರಮಾಣ 2015ರಲ್ಲಿ ಶೇ. 4.6ರಷ್ಟಿದ್ದದ್ದು 2022ರಲ್ಲಿ ಶೇ. 9ರಷ್ಟಾಗಿದೆ. ದಾಖಲಾತಿಯ ಪಟ್ಟಿಯನ್ನು ಮಾತ್ರ ನೋಡುತ್ತ ಕುಳಿತವರಿಗೆ ಈ ಸೋರಿಕೆ ಕಾಣುವುದೇ ಇಲ್ಲ. ಬಿಟ್ಟು ಹೋದವರನ್ನು ವರ್ಷ ವರ್ಷವೂ, ಬೇಸರವಿಲ್ಲದೆ, ಎಣಿಸಿಟ್ಟಿದ್ದರಿಂದ ಅದು ತಿಳಿಯಿತು.

ಲೆಕ್ಕ ತಪ್ಪಿದ ಉದಾಹರಣೆಗಳಿಲ್ಲವೇ? ಇವೆ. 1960ರ ದಶಕದಲ್ಲಿ ಒಇಸಿಡಿ ಎಂಬ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆಯು ಗ್ರೀಸ್, ಸ್ಪೇನ್, ತುರ್ಕಿ ಮೊದಲಾದ ಆರು ದೇಶಗಳಿಗೆ 1975ರವರೆಗೆ ಬೇಕಾಗುವ ವಿದ್ಯಾವಂತರ ಸಂಖ್ಯೆಯನ್ನು ಮುಂಗಾಣಲು ಹೊರಟಿತು; ಮಾರ್ಕ್ ಬ್ಲಾಗ್‌ರಂಥ ಅರ್ಥಶಾಸ್ತ್ರಜ್ಞರು ಆ ವಿಧಾನವನ್ನೇ ಕಟುವಾಗಿ ಟೀಕಿಸಿದರು. ಒಂದು ಕೆಲಸಕ್ಕೆ ಒಂದೇ ಬಗೆಯ ಓದು ಬೇಕೆಂದು ಊಹಿಸಿದ್ದು ಅಲ್ಲಿನ ದೋಷವೇ ಹೊರತು ಎಣಿಸಿದ್ದು ದೋಷವಲ್ಲ.

ನನ್ನ ಸಿಟ್ಟು ಇರುವುದು ಬೇರೆ ಕಡೆ. ವಿದ್ಯಾಸಂಸ್ಥೆಯೊಂದು ಬಹುತೇಕ ಎಲ್ಲ ಪದವೀಧರರಿಗೂ ಉದ್ಯೋಗ ದೊರೆತಿದೆ ಎಂದು ನಮಗೆ ಜಾಹೀರಾತು ಕಳಿಸಿತ್ತು. ವಿಚಾರಿಸಿದರೆ, ಪ್ರಶ್ನಾವಳಿಗೆ ಉತ್ತರಿಸಿದ ಕೆಲವರನ್ನು ಮಾತ್ರ ಲೆಕ್ಕಕ್ಕೆ ಹಿಡಿದಿದ್ದರು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಮಾನದಂಡದಂತೆ ಸಮೀಕ್ಷೆಯ ವಾರದಲ್ಲಿ ಸಂಬಳಕ್ಕಾಗಿ ಒಂದು ಗಂಟೆ ದುಡಿದವರೂ ಉದ್ಯೋಗಸ್ಥರೇ. ಹುಡುಕಿ ಸೋತು ಕೈಬಿಟ್ಟವರು ನಿರುದ್ಯೋಗಿಗಳ ಪಟ್ಟಿಯಲ್ಲೂ ಇರುವುದಿಲ್ಲ. ಮಾನದಂಡ ಗುಟ್ಟಿನದಲ್ಲ, ಅಚ್ಚಾಗಿಯೇ ಇದೆ. ಅದನ್ನು ಓದದೆ ಶೇಕಡಾವಾರು ಬರೆಯುವ ನಮ್ಮ ಪತ್ರಕರ್ತ ಬಳಗಕ್ಕೆ ಏನೆನ್ನೋಣ?

ಇನ್ನು ತರಬೇತಿಗೆ ಸೇರುವವರ ಮಾತು. ಅವರು ಒಟ್ಟು ಕೊರತೆಯ ಸಂಖ್ಯೆಯನ್ನು ಬದಿಗಿಟ್ಟು, ತಾವು ಕಲಿಸಬಯಸುವ ವಿಷಯದಲ್ಲಿ ಈಗಿರುವ ಶಿಕ್ಷಕರ ವಯಸ್ಸಿನ ಪಟ್ಟಿಯನ್ನೂ ಕಳೆದ ಐದಾರು ವರ್ಷಗಳ ಜನನ ಸಂಖ್ಯೆಯನ್ನೂ ನೋಡಲಿ. ನಿವೃತ್ತಿಯ ಅಂಚಿನಲ್ಲಿರುವವರು ಹೆಚ್ಚಿದ್ದು ಜನನ ಸಂಖ್ಯೆ ಕುಸಿದಿಲ್ಲವಾದರೆ ಹುದ್ದೆಗಳು ತೆರವಾಗುತ್ತವೆ. ಅವುಗಳನ್ನು ತುಂಬುವ ಹಣ ಆಯವ್ಯಯದಲ್ಲಿದೆಯೇ ಎಂದು ಕೇಳಿ ತಾವು ಮುಂದಿನ ಪತ್ರ ಬರೆದರೆ ಸಂತೋಷದಿಂದ ಪ್ರಕಟಿಸುತ್ತೇನೆ.