ಐದು ಅಡಿ ನಾಲ್ಕಿಂಚು ಇದ್ದರೆ ಫೈನಾನ್ಸ್‌ನಲ್ಲಿ ಮೇಲೆ ಬರೋಕಾಗಲ್ವಾ?

ನಿಮ್ಮ ಪ್ರಶ್ನೆ ಓದಿದೆ. ಎತ್ತರ 5 ಅಡಿ 4 ಇಂಚು, ಮುಖ ಸಾಧಾರಣ, ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್‌ಗೆ, ಅಂದರೆ ಕಂಪನಿಗಳಿಗೆ ಬಂಡವಾಳ ಎತ್ತಿಕೊಡುವ, ಕಂಪನಿ ಕೊಳ್ಳುವ-ಮಾರುವ ಡೀಲ್ ಮಾಡಿಸುವ ಕೆಲಸಕ್ಕೆ ಹೋಗೋ ಆಸೆ. ಯಾರೋ ಸೀನಿಯರ್ 'ಅಲ್ಲಿ ಪರ್ಸನಾಲಿಟಿ ಇಲ್ಲದಿದ್ದರೆ ಕಷ್ಟ' ಅಂದರು, ಅದಕ್ಕೆ ಒಳಗೆ ಹೀಲ್ ಇರುವ ಶೂ ತಗೊಳ್ಳಲಾ ಅಂತ ಕೇಳಿದ್ದೀರಿ. ನಾನು 5 ಅಡಿ 3 ಇಂಚು. ಈ ಫೀಲ್ಡ್‌ಗೆ ಬಂದು 14 ವರ್ಷ ಆಯಿತು, ಅದರಲ್ಲಿ ಹೆಚ್ಚಿನ ಕಾಲ ಕಂಪನಿಗಳಿಗೆ ಸಾಲ ಕೊಡುವ ವಿಭಾಗದಲ್ಲೇ ಕಳೆದಿದ್ದೇನೆ. ನಿಮಗಿಂತ ಒಂದಿಂಚು ಕೆಳಗಿನಿಂದ ಉತ್ತರ ಬರೀತಿದ್ದೀನಿ ಅಂದುಕೊಳ್ಳಿ.

ಎತ್ತರ ಲೆಕ್ಕಕ್ಕೆ ಬರುತ್ತದೆ. ಬರಲ್ಲ ಅಂತ ಸುಳ್ಳು ಹೇಳಿ ನಿಮ್ಮನ್ನು ಸಮಾಧಾನ ಮಾಡಲ್ಲ. ಆದರೆ ನಿಮ್ಮ ಸೀನಿಯರ್ ಹೆದರಿಸಿದಷ್ಟು ಅಲ್ಲ, ಎಲ್ಲ ಕೆಲಸದಲ್ಲೂ ಅಲ್ಲ.

2004ರಲ್ಲಿ ಟಿಮೊತಿ ಜಡ್ಜ್, ಡೇನಿಯಲ್ ಕೇಬಲ್ ಅನ್ನುವ ಇಬ್ಬರು ಸಂಶೋಧಕರು ಎತ್ತರಕ್ಕೂ ಸಂಬಳಕ್ಕೂ ಇರುವ ನಂಟನ್ನು ಅಳೆದು, ಒಂದು ಇಂಚಿಗೆ ವರ್ಷಕ್ಕೆ ಸುಮಾರು 789 ಡಾಲರ್ ವ್ಯತ್ಯಾಸ ಬರುತ್ತದೆ ಅಂದರು. ಎಲ್ಲರೂ ಎತ್ತಿ ಹೇಳುವುದು ಇದೊಂದನ್ನೇ. ಅದೇ ವರ್ಷ ನಿಕೋಲಾ ಪರ್ಸಿಕೊ ಮತ್ತು ಜೊತೆಗಾರರು ಬರೆದ ಇನ್ನೊಂದು ಲೇಖನ ಇದೆ, ನನಗೆ ಅದೇ ಜಾಸ್ತಿ ಇಷ್ಟ. ಅಮೆರಿಕ ಮತ್ತು ಬ್ರಿಟನ್‌ನ ಬಿಳಿಯ ಗಂಡಸರ ಅಂಕಿಅಂಶ ಇಟ್ಟುಕೊಂಡು ಅವರು ನೋಡಿದ್ದು ಇಷ್ಟು: ಒಬ್ಬನಿಗೆ 16ನೇ ವಯಸ್ಸಿನಲ್ಲಿ ಎಷ್ಟು ಎತ್ತರ ಇತ್ತು ಅನ್ನುವುದನ್ನು ಲೆಕ್ಕಕ್ಕೆ ತಗೊಂಡರೆ, ದೊಡ್ಡವನಾದ ಮೇಲಿನ ಎತ್ತರಕ್ಕೆ ಹೆಚ್ಚುಕಡಿಮೆ ಬೆಲೆಯೇ ಉಳಿಯುವುದಿಲ್ಲ. ಅಂದರೆ ಹದಿನಾರರಲ್ಲಿ ಕುಳ್ಳಗಿದ್ದು ಆಮೇಲೆ ಉದ್ದ ಆದವನಿಗೆ ಅಂಥ ಲಾಭ ಏನೂ ಸಿಕ್ಕಿಲ್ಲ. ಶಾಲೆಯ ಟೀಮುಗಳಲ್ಲಿ, ಕ್ಲಬ್ಬುಗಳಲ್ಲಿ ಸೇರಿಕೊಂಡು ನಾಲ್ಕು ಜನರ ಮಧ್ಯೆ ಧೈರ್ಯವಾಗಿ ನಿಲ್ಲುವುದನ್ನು ಆ ವಯಸ್ಸಲ್ಲಿ ಕಲಿತಿರುತ್ತಾರಲ್ಲ, ಫಲ ಕೊಡುವುದು ಅದೇ ಇರಬಹುದು ಅನ್ನುತ್ತಾರೆ ಅವರು. ಇಂಚು ಅಲ್ಲ. ಇನ್ನು ನೀವು ಈಗ ಶೂ ಒಳಗೆ ಎರಡಿಂಚು ತುರುಕಿಕೊಂಡರೆ ಏನು ಬಂತು ಹೇಳಿ.

ಫೈನಾನ್ಸ್ ಅನ್ನೋದು ಒಂದು ಕೆಲಸ ಅಲ್ಲ, ಅದನ್ನು ಮೊದಲು ತಲೆಯಿಂದ ತೆಗೀರಿ. ಟ್ರೇಡಿಂಗ್, ರಿಸ್ಕ್, ರಿಸರ್ಚ್, ಆದ ವ್ಯವಹಾರದ ಲೆಕ್ಕ ಚುಕ್ತಾ ಮಾಡುವ ಸೆಟಲ್‌ಮೆಂಟ್ ಇಲ್ಲೆಲ್ಲ ದಿನದ ಕೊನೆಗೆ ಒಂದು ನಂಬರ್ ಬರುತ್ತದೆ. ಲಾಭ ಬಂತೋ ಇಲ್ಲವೋ, ಲೆಕ್ಕ ತಾಳೆ ಆಯಿತೋ ಇಲ್ಲವೋ, ಅಷ್ಟೇ. ಅದರ ಮುಂದೆ ನಿಮ್ಮ ಎತ್ತರ ಯಾರಿಗೆ ಬೇಕು? ಕಷ್ಟ ಇರುವುದು ಇನ್ನೂ ತೋರಿಸೋಕೆ ನಂಬರ್ ಇಲ್ಲದ ಕಡೆ: ಮೊದಲ ಇಂಟರ್‌ವ್ಯೂ, ಹೊಸ ಕ್ಲೈಂಟ್, ಶ್ರೀಮಂತರ ದುಡ್ಡು ನೋಡಿಕೊಳ್ಳುವ ವೆಲ್ತ್ ಮ್ಯಾನೇಜ್‌ಮೆಂಟ್, ಡೀಲ್ ತರಬೇಕಾದ ಸೀಟು. ಅಲ್ಲಿ ಎದುರಿನವನ ಕೈಯಲ್ಲಿ ನಿಮ್ಮ ಬಗ್ಗೆ ಬೇರೆ ಮಾಹಿತಿ ಇಲ್ಲ, ಕಣ್ಣಿಗೆ ಕಂಡಿದ್ದನ್ನೇ ನಂಬುತ್ತಾನೆ. ನೀವು ಹೇಳಿದ ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್‌ನಲ್ಲಿ ಮೊದಲ ಕೆಲವು ವರ್ಷ ಎಕ್ಸೆಲ್ ಮತ್ತು ಪವರ್‌ಪಾಯಿಂಟ್ ಜೊತೆಗೇ ಸಂಸಾರ, ರಾತ್ರಿ ಎರಡು ಗಂಟೆಗೆ ಎಕ್ಸೆಲ್‌ನ ಲೆಕ್ಕದ ಮಾಡೆಲ್‌ನಲ್ಲಿ ತಪ್ಪು ಹುಡುಕುವವನು ಎಷ್ಟು ಉದ್ದ ಅಂತ ಯಾರೂ ಅಳೆಯಲ್ಲ. ಮುಖ ತೋರಿಸುವ ಕೆಲಸ ಶುರುವಾಗುವುದು ಆಮೇಲೆ.

ನನಗಾದದ್ದು ಒಂದು ಹೇಳುತ್ತೇನೆ. ಒಂದು ಕಂಪನಿಗೆ ಸಾಲ ಕೊಡುವ ವಿಷಯಕ್ಕೆ ಮೀಟಿಂಗ್. ನನ್ನ ಜೊತೆ, ಕೆಲಸಕ್ಕೆ ಸೇರಿ ಆರು ವಾರವಾಗಿದ್ದ ಹುಡುಗ ಬಂದಿದ್ದ, ಆರಡಿ ಆಳು, ಅವನ ಕೆಲಸ ಫೈಲ್ ಹಿಡಿದುಕೊಂಡು ನೋಟ್ಸ್ ಬರೆಯುವುದು. ಕಂಪನಿ ಮಾಲೀಕರು ಎದ್ದು ಬಂದವರೇ ಸೀದಾ ಅವನ ಕೈ ಕುಲುಕಿದರು, ನನಗೆ ಬರೀ ತಲೆ ಆಡಿಸಿದರು. ಬಡ್ಡಿ ದರ ಎಷ್ಟು ಕಡಿಮೆ ಮಾಡ್ತೀರಿ ಅಂತ ಕೇಳಿದ್ದೂ ಅವನನ್ನೇ. ಪಾಪ, ಅವನು ಕೆಂಪಾಗಿಬಿಟ್ಟ. ನಾನು ಆಗ ಏನೂ ತಿದ್ದಲಿಲ್ಲ. ಬ್ಯಾಲೆನ್ಸ್ ಶೀಟ್ ತೆಗೆದು, ಹಿಂದಿನ ವರ್ಷ ಗಿರಾಕಿಗಳಿಂದ ದುಡ್ಡು 45 ದಿನಕ್ಕೆ ಬರುತ್ತಿತ್ತು, ಈ ವರ್ಷ 110 ದಿನ ಆಗಿದೆ, ಮಾರಾಟ ಮಾತ್ರ ಏರಿದೆ, ಇದು ನಿಜವಾದ ಮಾರಾಟವೋ ಅಥವಾ ವರ್ಷದ ಕೊನೆಗೆ ಡೀಲರ್‌ಗಳ ಗೋಡೌನ್‌ಗೆ ಸರಕು ತಳ್ಳಿದ್ದೋ ಅಂತ ಮೆಲ್ಲಗೆ ಕೇಳಿದೆ. ಅವರ ಕುರ್ಚಿ ನನ್ನ ಕಡೆ ತಿರುಗಿದ ಸದ್ದು ಈಗಲೂ ನೆನಪಿದೆ. ಅದೊಂದು ಗಾಲಿ ಕಿರುಗುಟ್ಟುವ ಕುರ್ಚಿ. ಆಮೇಲೆ ಒಂದೂವರೆ ಗಂಟೆ ಅವರು ಆ ಹುಡುಗನನ್ನು ನೋಡಲೇ ಇಲ್ಲ.

ಗೆದ್ದೆ ಅಂತ ಇದನ್ನು ಹೇಳಿದ್ದಲ್ಲ. ಉದ್ದ ಇದ್ದವನಿಗೆ ಬಾಗಿಲಲ್ಲೇ ಸಿಗುವ ಮರ್ಯಾದೆ ನನಗೆ ಇಪ್ಪತ್ತು ನಿಮಿಷ ಬಿಟ್ಟು ಸಿಗುತ್ತದೆ, ಪ್ರತಿ ಸಲ. ಸುಸ್ತಾಗುತ್ತದೆ. ಮೊದಮೊದಲು ಸಿಟ್ಟೂ ಬರುತ್ತಿತ್ತು. ಆದರೆ ಆ ಇಪ್ಪತ್ತು ನಿಮಿಷಕ್ಕೆ ಬೇಕಾದ್ದನ್ನು ಹಿಂದಿನ ರಾತ್ರಿಯೇ ಓದಿಟ್ಟುಕೊಳ್ಳುವ ಅಭ್ಯಾಸ ಆಗಿದ್ದು ಅದರಿಂದಲೇ.

ಹುದ್ದೆಗಳ ತುದಿಗೆ ಹೋದರೆ ಮತ್ತೆ ಲುಕ್ಸ್ ಬರುತ್ತದೆ, ಇದೊಂದು ವಿಚಿತ್ರ. ಡ್ಯೂಕ್ ವಿಶ್ವವಿದ್ಯಾಲಯದ ಗ್ರಹಾಂ, ಹಾರ್ವೆ, ಪುರಿ ಸುಮಾರು 2000 ಜನರಿಗೆ ಸಿಇಒಗಳ, ಸಿಇಒ ಅಲ್ಲದವರ ಮುಖ ತೋರಿಸಿ ಕೇಳಿದಾಗ, ಬೇರೆಯವರಿಗಿಂತ ಸಿಇಒಗಳೇ 'ಸಮರ್ಥರ ಥರ ಕಾಣ್ತಾರೆ' ಅಂದರಂತೆ. ಆದರೆ ಆ ಮುಖಕ್ಕೂ ಕಂಪನಿಯ ಸಾಧನೆಗೂ ಸಂಬಂಧ ಸಿಗಲಿಲ್ಲ. ಅಮೆರಿಕದ ಕೇಂದ್ರ ಬ್ಯಾಂಕ್ ಆದ ಫೆಡರಲ್ ರಿಸರ್ವ್‌ನ ಅಧ್ಯಕ್ಷರ ಕುರ್ಚಿಯನ್ನೇ ನೋಡಿ. 1979ರಿಂದ 1987ರವರೆಗೆ ಅಲ್ಲಿ ಕೂತಿದ್ದ ಪಾಲ್ ವೋಲ್ಕರ್ 6 ಅಡಿ 7 ಇಂಚು. 2014ರಲ್ಲಿ ಬಂದ ಜಾನೆಟ್ ಯೆಲೆನ್ 5 ಅಡಿ 3 ಇಂಚು, ನನ್ನಷ್ಟೇ. ಆ ಸ್ಥಾನಕ್ಕೆ ಆಕೆಯ ಎತ್ತರ ಸಾಲದು ಅನ್ನುವ ಥರ ಟ್ರಂಪ್ ತಮ್ಮ ಸಿಬ್ಬಂದಿ ಹತ್ತಿರ ಮಾತಾಡಿದ್ದರು ಅಂತ 2018ರಲ್ಲಿ ವಾಷಿಂಗ್ಟನ್ ಪೋಸ್ಟ್ ವರದಿ ಮಾಡಿತ್ತು. ಎರಡನೇ ಅವಧಿ ಆಕೆಗೆ ಸಿಗಲಿಲ್ಲ. 2021ರಲ್ಲಿ ಅದೇ ಯೆಲೆನ್ ಅಮೆರಿಕದ ಖಜಾನೆ ಕಾರ್ಯದರ್ಶಿ, ಅಂದರೆ ನಮ್ಮ ಹಣಕಾಸು ಮಂತ್ರಿ ಥರದ ಹುದ್ದೆಯವರು ಆದರು, ಆ ಹುದ್ದೆಗೆ ಬಂದ ಮೊದಲ ಮಹಿಳೆ. ಅಂದರೆ ಇಂಥ ಮಾತು ಅಷ್ಟು ಎತ್ತರದಲ್ಲೂ ನಡೆಯುತ್ತದೆ, ಅದನ್ನು ದಾಟಿಯೂ ಹೋಗುತ್ತಾರೆ.

ಇನ್ನು 'ಮುಖ ಸಾಧಾರಣ' ಅಂದಿರಲ್ಲ. 2016ರಲ್ಲಿ ಜ್ಯಾಕ್ಲಿನ್ ವಾಂಗ್, ಆಂಡ್ರ್ಯೂ ಪೆನ್ನರ್ ಅನ್ನುವವರು, ಚೆನ್ನಾಗಿ ಕಾಣುವವರು ಸುಮಾರು 20 ಪರ್ಸೆಂಟ್ ಜಾಸ್ತಿ ಗಳಿಸುತ್ತಾರೆ ಅಂತ ಕಂಡುಕೊಂಡರು. ಆದರೆ ಗಂಡಸರಲ್ಲಿ ಅದರ ಅರ್ಧದಷ್ಟು ಭಾಗ ಬಂದಿದ್ದು ನೀಟಾಗಿ ಇರುವುದರಿಂದ, ಹುಟ್ಟಿದ ಮುಖದಿಂದ ಅಲ್ಲ. ಹೆಂಗಸರಲ್ಲಂತೂ ಪೂರ್ತಿ ಅದೇ. ಅಂದರೆ ದಿನಾ ಬೆಳಿಗ್ಗೆ ಅಷ್ಟು ಹೊತ್ತು ಕನ್ನಡಿ ಮುಂದೆ ನಿಂತರೆ ಮಾತ್ರ ಅವರಿಗೆ ಆ ಸಂಬಳ, ಅದು ಬೇರೆ ಅನ್ಯಾಯ, ಇರಲಿ. ನಿಮಗೆ ಬೇಕಾದ್ದು ಇಷ್ಟು: ಅಳತೆಗೆ ಸರಿಯಾದ ಬಟ್ಟೆ. ಕುಳ್ಳಗಿರುವವರು ರೆಡಿಮೇಡ್ ಕೋಟ್ ತಗೊಂಡರೆ ತೋಳು ಬೆರಳಿನ ಗೆಣ್ಣಿನವರೆಗೆ ಬಂದು, ಅಣ್ಣನ ಕೋಟ್ ಹಾಕಿಕೊಂಡ ಹಾಗೆ ಕಾಣುತ್ತದೆ. ನನ್ನ ಮೊದಲ ಇಂಟರ್‌ವ್ಯೂ ಫೋಟೋದಲ್ಲಿ ನನ್ನ ಹೆಬ್ಬೆರಳೇ ಕಾಣಲ್ಲ! ಟೈಲರ್ ಹತ್ತಿರ ಕೊಟ್ಟು ತೋಳು, ಭುಜ ಎರಡೂ ಸರಿ ಮಾಡಿಸಿ. ಮೀಟಿಂಗ್ ರೂಮಿಗೆ ಐದು ನಿಮಿಷ ಮುಂಚೆ ಹೋಗಿ ಕುರ್ಚಿಯ ಎತ್ತರ ಹೊಂದಿಸಿಕೊಳ್ಳಿ, ಕಾಲು ಗಾಳಿಯಲ್ಲಿ ನೇತಾಡುತ್ತಿದ್ದರೆ ಯಾಕೋ ಧ್ವನಿಯೂ ಸಣ್ಣ ಆಗುತ್ತದೆ.

ಕೊನೆಗೆ ಶೂ. ನಾನೂ ಒಮ್ಮೆ ತಗೊಂಡಿದ್ದೆ, ಎರಡಿಂಚಿನದು. ಅದಕ್ಕೆ ಸರಿಯಾಗಿ ಪ್ಯಾಂಟನ್ನೂ ಉದ್ದ ಹೊಲಿಸಿದ್ದೆ. ಒಂದು ಔಷಧಿ ಕಂಪನಿಯ ಫ್ಯಾಕ್ಟರಿ ನೋಡೋಕೆ ಹೋದೆವು, ಒಳಗೆ ಹೋಗುವ ಮುಂಚೆ ಎಲ್ಲರೂ ಶೂ ಬಿಚ್ಚಿ ಅವರು ಕೊಡುವ ಚಪ್ಪಲಿ ಹಾಕಿಕೊಳ್ಳಬೇಕು ಅಂದರು. ಇಡೀ ತಂಡದ ಮುಂದೆ ಎರಡಿಂಚು ಕೆಳಗಿಳಿದೆ. ಪ್ಯಾಂಟ್ ನೆಲಕ್ಕೆ ಬಿತ್ತು. ಎರಡು ಮಡಿಕೆ ಮಡಚಿಕೊಂಡು ಪೂರ್ತಿ ಫ್ಯಾಕ್ಟರಿ ಸುತ್ತಿ ಬಂದೆ. ಸಾಲ ಏನೋ ಮಂಜೂರಾಯಿತು, ಆ ಶೂ ಮಾತ್ರ ಮತ್ತೆ ಹಾಕಲಿಲ್ಲ.