ಪ್ರತಿಕ್ರಿಯೆ: ಸಿಚುವಾನ್‌ಗೆ ಉಪ್ಪು ಎಲ್ಲಿಂದ?

ಕಡಲಿಂದ ಅಷ್ಟು ದೂರದ, ಚೀನಾದ ಸಿಚುವಾನ್‌ ಪ್ರಾಂತ್ಯಕ್ಕೆ ಹಿಂದೆ ಉಪ್ಪು ಎಲ್ಲಿಂದ ಬರುತ್ತಿತ್ತು ಅಂತ ಕೇಳಿದ್ದೀರಿ. ಕಾಲಡಿಯಿಂದಲೇ! ಇಪ್ಪತ್ತು ಕೋಟಿ ವರ್ಷಗಳಿಗೂ ಹಿಂದೆ ಅಲ್ಲಿ ಕಡಲಿತ್ತು. ಅದರ ಉಪ್ಪು ಬಂಡೆಪದರಗಳಲ್ಲಿ ಉಳಿದಿದೆ.

ಅಲ್ಲಿನ ಜಿಗೊಂಗ್ ನಗರದ ಶೆನ್‌ಹಾಯ್ ಎಂಬ ಉಪ್ಪುನೀರಿನ ಬಾವಿ ನೋಡಿ. 1835ರಲ್ಲೇ 1,001 ಮೀಟರ್ ಆಳ, ಅದೂ ಯಂತ್ರವಿಲ್ಲದೆ. ಬಿದಿರಿನ ಹಗ್ಗಕ್ಕೆ ಕಬ್ಬಿಣದ ಭಾರಿ ಉಳಿ ಕಟ್ಟಿ, ಏತದಂಥ ಹಲಗೆಯನ್ನು ತುಳಿದು ಎತ್ತಿ ಬಿಡುತ್ತಿದ್ದರು. ಬಾವಿಯ ಬಾಯಿ ಗೇಣಗಲವೂ ಇಲ್ಲ, ಕೊಡ ಇಳಿಯದು. ಹಾಗಾಗಿ ಗಂಟು ಕೊರೆದ ಉದ್ದನೆಯ ಬಿದಿರ ಕೊಳವೆ; ತಳದಲ್ಲಿ ಚರ್ಮದ ಮುಚ್ಚಳ. ಇಳಿಸಿದಾಗ ಉಪ್ಪುನೀರು ಅದನ್ನು ಮೇಲಕ್ಕೆ ತಳ್ಳಿ ಒಳನುಗ್ಗುತ್ತದೆ, ಎತ್ತಿದಾಗ ನೀರಿನ ಭಾರಕ್ಕೇ ಮುಚ್ಚಿಕೊಳ್ಳುತ್ತದೆ.

ಆ ಉಪ್ಪುನೀರು ಕಾಯಿಸಲು ಅದೇ ಬಾವಿಯ ನೈಸರ್ಗಿಕ ಅನಿಲ. ಕುದಿಯುವಾಗ ಸೋಯಾ ಹಾಲು ಸುರಿದರೆ ಕೊಳೆಯೆಲ್ಲ ಅದಕ್ಕಂಟಿ ನೊರೆಯಾಗಿ ಮೇಲೇಳುತ್ತದೆ. ನೊರೆ ತೆಗೆಯದಿದ್ದರೆ ಉಪ್ಪು ಬೆಳ್ಳಗಾಗದು.